ಗಿಡ ಕುಡಿದ ಚಹಾ

ಜಾವಾ ದ್ವೀಪದ ಯೋಗ್ಯಕರ್ತದ ನಮ್ಮ ಗಲ್ಲಿಯಲ್ಲಿ ಹಿರಿಯರ ಆರೋಗ್ಯ ತಪಾಸಣೆ. ಸಾಲಿನಲ್ಲಿ ನನ್ನ ಮುಂದೆ ಕಷಾಯ ಮಾರುವ ತುಕಿರಾ, ಅವಳ ಜೊತೆಗೆ ಬಂದ ನೆರೆಮನೆಯ ಸಾಗಿಯೆಮ್.

“ಅಕ್ಕಾ, ಸಕ್ಕರೆ ಇಳೀದಿದ್ರೆ ವ್ಯಾಪಾರ ಬಿಟ್ಟು ಮನೇಲಿ ಕೂತ್ಕೋ ಅಂದಿದ್ದಾನೆ ಮಗ.”

“ದುಡಿಯೋಳನ್ನ ಕೂರಿಸೋದು ಜೈಲಿಗೆ ಹಾಕಿದಂಗೇ. ದಿನಾ ನಮ್ಮ ಅಂಗಳದಲ್ಲಿ ಕಸರತ್ತು ಮಾಡ್ತೀಯಲ್ಲೇ, ಇಳಿದಿರುತ್ತೆ.”

“ಆಮೇಲೆ ನೀನು ಕೊಡೋ ಚಹಾ? ಬರೀ ಸಕ್ಕರೆ ಪಾಕ!”

“ಬೇಡ ಅನ್ನಬೇಕಿತ್ತು.”

“ಜಾವಾದೋಳಾಗಿ ಕೊಟ್ಟ ಚಹಾ ಬೇಡ ಅನ್ನಲಾ? ನಿನ್ನ ಮಲ್ಲಿಗೆ ಗಿಡಕ್ಕೆ ಸುರೀತಿದ್ದೆ.”

“ಅಯ್ಯೋ ಪಾಪಿ! ಅದಕ್ಕೇನಾ ಅಷ್ಟು ಇರುವೆ!”

ನರ್ಸ್ ತುಕಿರಾಳ ಬೆರಳು ಚುಚ್ಚಿ ನೋಡಿದಳು. “ಚೆನ್ನಾಗಿ ಇಳಿದಿದೆ, ಅಜ್ಜಿ.”

“ಬಾರೇ, ನಿನ್ನ ಮಗನಿಗೆ ಹೇಳೋಣ.”

“ಅವನಿನ್ನೂ ಹಾಸಿಗೇಲಿದ್ದಾನೆ. ಮೊದಲು ಅವನನ್ನ ಕಸರತ್ತಿಗೆ ಎಬ್ಬಿಸ್ತೀನಿ, ನಡಿ.”

ಇಬ್ಬರೂ ನಗುತ್ತಾ ಬಿರಬಿರನೆ ಹೊರಟೇಹೋದರು.