ಎಂಟು ಗಂಟೆಯ ಗಂಗೋತ್ರಿ

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಳು ಮಾತು ತೆಗೆದಳು.

"ಎಂಟು ಗಂಟಿ ಧಾರಾವಾಹಿ ನಿಂತೇ ಹೋತಂತಲ್ಲ, ಕೊಟ್ರಮ್ಮ?"

"ಕಥಿ ಅರ್ಧಕ್ಕ ಬಿಟ್ಟು ನಿಲ್ಲಿಸಿದ್ರಕ್ಕ. ಈಗ ಆ ಹೊತ್ತಿಗೆ ಕುಣಿಯೋ ಸ್ಪರ್ಧೆ ಹಾಕ್ತಾರ."

"ಧಾರಾವಾಹಿ ಯಾರ್ ನೋಡ್ತಾರ ಬಿಡು. ನಮ್ಮನ್ಯಾಗ ಎಲ್ರ ಕೈಯಾಗೂ ಮೊಬೈಲು."

"ನಮ್ಮತ್ತಿ ನೋಡ್ತಿದ್ಲಲ್ಲ. ಅದರಾಗಿನ ಹುಡುಗಿ ತನ್ನ ಮಗಳು ಗಂಗೋತ್ರಿ ಅಂತ ನಂಬ್ಯಾಳ."

"ಅಯ್ಯ ಶಿವನ! ಮಗಳು ತೀರ್ಕೊಂಡಿದ್ದು ನೆನಪಿಲ್ಲೇನು?"

"ಮರವಿನ ಜಡ್ಡು ಐತಲ್ಲ. ಗಂಗೋತ್ರಿ ಎಲ್ಲಿ ಅಂತ ದಿನಾ ಕೇಳಾಕಿ. ಸತ್ತಾಳ ಅಂದ್ರ ದಿನಾ ಹೊಸದಾಗಿ ಅಳಾಕಿ. ಆ ಧಾರಾವಾಹಿ ಹುಡುಗಿ ಮಾರಿ ಗಂಗೋತ್ರಿನ್ನ ಹೋಲ್ತಿತ್ತು. ಟಿವ್ಯಾಗ ಕೆಲಸಕ್ಕ ಹೋಗ್ಯಾಳ, ಅಲ್ನೋಡು ಅಂದ್ಬಿಟ್ಟೆ. ಆಕಿನ್ನ ನೋಡ್ಕೋಂತ ರೊಟ್ಟಿ ತಿನ್ನಾಕಿ."

"ಈಗೇನ್ ಹೇಳ್ದಿ?"

"ಆ ಕೆಲಸ ಮುಗೀತು ಅಂದೆ."

"ಸುಮ್ಮನಾದ್ಲೇನು?"

"ಮುಗೀತಂದ್ರ ಮನಿಗೆ ಬರ್ತಾಳಲ್ಲ ಅಂದ್ಲು. ಅವತ್ತಿಂದ ಹೊಸ್ತಿಲ ಬಿಟ್ಟು ಏಳವಲ್ಲಳು. ರೊಟ್ಟಿ ಕೊಟ್ರ ಆಕಿ ಬರ್ಲಿ, ಕೂಡೇ ತಿಂತೀವಿ ಅಂತಾಳ."

ಅಷ್ಟರಲ್ಲಿ ಕುರುಗೋಡಿನ ಬಸ್ಸು ಬಂತು. ಕೊಟ್ರಮ್ಮ ಎದ್ದು ಕೈಚೀಲವನ್ನು ಎದೆಗವಚಿಕೊಂಡಳು.

"ಅದರಾಗೇನೈತಿ, ಅಷ್ಟು ಜ್ವಾಕಿ ಮಾಡ್ತಿ?"

"ಹಸಿರು ಬಳಿ. ಮಗಳು ಬರ್ತಾಳ, ಬರಿಗೈಲೆ ಇರಬಾರ್ದು, ತಗೊಂಡು ಬಾ ಅಂತ ಕಳಿಸಿದ್ಲು."

"ತಗೊಂಡೇ ಬಿಟ್ಟೇನು?"

ಕೊಟ್ರಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

"ಬಳಿ ಅಂಗಡಿಯಾಕಿ ಯಾರ ಅಳತಿ ಅಂತ ಕೇಳಿದ್ಲಕ್ಕ. ಏನ್ ಹೇಳ್ಲಿ? ನನ್ನ ಕೈ ಚಾಚಿದೆ."