ದೊಡ್ಡಮ್ಮನಿಗೆ ದ್ವೀಪ ಆಗುತ್ತಾ?

ನಡುಕುರ್ಚಿಯಲ್ಲಿ ಕೂತಿರೋ ಅಧ್ಯಕ್ಷರೇ, ಬಲಗಡೆ ಇರೋ ಮ್ಯಾನೇಜರ್ ಸಾಹೇಬರೇ, ಎಡಗಡೆ ಇರೋ ಯೂನಿಯನ್ ಕಾರ್ಯದರ್ಶಿಗಳೇ (ಇವತ್ತೊಂದು ದಿನ ನೀವಿಬ್ಬರೂ ಒಂದೇ ಸಾಲಲ್ಲಿ ಕೂತಿದ್ದೀರಿ, ಕಣ್ಣಿಗೆ ತಂಪು), ಫ್ಯಾನಿನ ಕೆಳಗೆ ಜಾಗ ಸಿಕ್ಕಿದ ಮತ್ತು ಸಿಗದ ಎಲ್ಲ ಸಭಿಕರೇ,

ಈ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು ಇವತ್ತು ನಿವೃತ್ತಿ ಆಗ್ತಿರೋ ನನ್ನ ದೊಡ್ಡಮ್ಮನ ಬಗ್ಗೆ ಮನೆಯವರ ಪರವಾಗಿ ಎರಡು ಮಾತು ಆಡು ಅಂದಿದ್ದಾರೆ. ನಾನು ಅವಳ ತಂಗಿ ಮಗ. ಸಭೆಯಲ್ಲಿ 'ಅವರು' ಅನ್ನು ಅಂತ ಅಮ್ಮ ಹೇಳಿಕೊಟ್ಟು ಕಳಿಸಿದ್ದಾಳೆ. ಆಗಲ್ಲ. ಮನೇಲಿ ಅವಳು, ಇಲ್ಲೂ ಅವಳೇ. ಗೌರವ ಒಳಗಡೆ ಇದೆ, ಹುಡುಕ್ಕೊಳ್ಳಿ.

ನನ್ನ ಪರಿಚಯ ಬೇಕಾ? ಹತ್ತನೇ ಕ್ಲಾಸು ಮುಗಿಸಿದೀನಿ, ಒಂಬತ್ತು ಕೆಲಸ ಬಿಟ್ಟಿದೀನಿ. ಅದರಲ್ಲಿ ಒಂದು ಇದೇ ಗಿರಣೀಲಿ. ಹನ್ನೊಂದು ದಿನ ಇದ್ದೆ. ಮ್ಯಾನೇಜರ್ ಸಾಹೇಬರಿಗೆ ನೆನಪಿಲ್ಲ ಅಂದ್ರೆ ತುಂಬಾ ಒಳ್ಳೇದು. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ" ಅಂತ ಮಾವ ಬೈತಾರೆ. ಮಾವ ಅಂದ್ರೆ ದೊಡ್ಡಮ್ಮನ ತಮ್ಮ. ಮುಂದಿನ ಸಾಲು, ನೀಲಿ ಅಂಗಿ.

ಹೋದ ವರ್ಷ ಒಂದು ಭಾನುವಾರ ದೊಡ್ಡಮ್ಮ ಒಗೆದ ಬಟ್ಟೆ ಮಡಚ್ತಾ ಇದ್ಲು. "ನಿನ್ನ ಫೋನಲ್ಲಿ ಎಲ್ಲ ಸಿಗುತ್ತಂತಲ್ಲ, ಗಾಡಿ ಓಡದ ಊರು ಎಲ್ಲಾದ್ರೂ ಇದ್ಯಾ ನೋಡೋ" ಅಂದ್ಲು. ನಾನು ತಮಾಷೆಗೆ ಹುಡುಕಿದೆ. ಸಿಕ್ಕಿಬಿಡ್ತು! ಬೇರೆ ದೇಶದ್ದೊಂದು ಚಿಕ್ಕ ದ್ವೀಪ. ವರ್ಷವಿಡೀ ಬಿಸಿಲು, ತೆಂಗಿನಮರ, ಸುತ್ತ ಸಮುದ್ರ, ಹುಡುಕಿದರೂ ಒಂದು ಮೋಟಾರು ಗಾಡಿ ಇಲ್ಲ. ಹೊರಗಿನ ನಿವೃತ್ತರು ಪಿಂಚಣಿ ಕಾಗದ ತೋರಿಸಿ ಅಲ್ಲೇ ಇರಬಹುದು. ದೊಡ್ಡಮ್ಮ ಫೋನು ಇಸ್ಕೊಂಡು, ತರಕಾರಿ ಆರಿಸೋ ಹಾಗೆ ಬೆರಳಿಟ್ಟು, "ಇದೇ ಇರ್ಲಿ" ಅಂದ್ಲು.

ಮನೇಲಿ ಭೂಕಂಪ. ಮಾವ ತಟ್ಟೆ ಮುಂದಿಂದ ಎದ್ದೇಬಿಟ್ಟರು. "ಅಕ್ಕಾ, ತಲೆ ನೆಟ್ಟಗಿದ್ಯಾ? ಭಾಷೆ ಬರಲ್ಲ, ಗುರುತು ಪರಿಚಯ ಇಲ್ಲ. ನಾಳೆ ಜ್ವರ ಬಂದ್ರೆ ಯಾರ ಹತ್ರ ಏನಂತ ಹೇಳ್ತೀಯ? ಮೂಗಿ ಥರ ಕೂತಿರ್ತೀಯ ಅಷ್ಟೇ."

ದೊಡ್ಡಮ್ಮ ಜಗಳ ಆಡಲಿಲ್ಲ. "ಹತ್ತು ದಿನ ಇದ್ದು ನೋಡ್ಕೊಂಡು ಬರ್ತೀನಿ. ಇವನೂ ಬರ್ಲಿ. ನನ್ನ ಬೀಳ್ಕೊಡುಗೆ ದಿನ ಎಲ್ಲರೆದುರು ಇವನೇ ಹೇಳ್ಲಿ. ಇವನು ಆಗಲ್ಲ ಅಂದ್ರೆ ಅಲ್ಲಿರೋಕೆ ಬರೆದ ಅರ್ಜಿ ಹರಿದು ಹಾಕ್ತೀನಿ" ಅಂದ್ಲು. ಅವಳು ಮಾತಿಗೆ ತಪ್ಪಿದ್ದನ್ನ ಈ ಸಭೇಲಿ ಯಾರಾದ್ರೂ ನೋಡಿದೀರಾ? ಕೈ ಎತ್ತಿ ನೋಡೋಣ. ಇಲ್ಲ ತಾನೇ?

ಹಾಗಾಗಿ ಸಭಿಕರೇ, ಇದು ಬರೀ ಭಾಷಣ ಅಲ್ಲ. ತೀರ್ಪು. ಒಂಬತ್ತು ಕೆಲಸ ಬಿಟ್ಟವನ ಕೈಲಿ ಒಬ್ಬಳ ಉಳಿದ ಆಯಸ್ಸು.

ಹೊರಡೋ ಹಿಂದಿನ ದಿನ ಮಾವ ನನ್ನನ್ನ ಮೂಲೆಗೆ ಕರೆದು, "ಬಂದು ಆಗಲ್ಲ ಅನ್ನು, ನನ್ನ ಸ್ಕೂಟರ್ ನಿಂದು" ಅಂದಿದ್ರು. ಅಯ್ಯೋ, ಇದನ್ನ ಹೇಳೋದಿರಲಿಲ್ಲ. ಬಾಯಿಗೆ ಬಂತು, ಹೋಯ್ತು. ನಾನು ಹೂಂ ಅಂದಿದ್ದೂ ನಿಜ. ಸ್ಕೂಟರ್ ಅಂದ್ರೆ ಸುಮ್ಮನೆನಾ?

ಹೋದ್ವಿ. ಮೊದಲ ದಿನವೇ ನನಗೆ ಹುಚ್ಚು ಹಿಡೀತು. ಏನು ಮೌನ ಅಂತೀರಿ! ತೆಂಗಿನಕಾಯಿ ಬಿದ್ದರೆ ಊರಿಗೇ ಸುದ್ದಿ. ಸಂತೇಲಿ ನಾಲ್ಕು ಮೊಟ್ಟೆ ಕೇಳೋಕೆ ಅವರ ಭಾಷೆ ಹುಡುಕ್ತಾ ಅರ್ಧ ಗಂಟೆ ಫೋನು ಒತ್ತಿದೆ. ಅಂಗಡಿಯಾಕೆ ನಕ್ಕು ನನಗೊಂದು ಪೊರಕೆ ಕೊಟ್ಟಳು. ತಿರುಗಿ ನೋಡ್ತೀನಿ, ದೊಡ್ಡಮ್ಮ ಚೀಲ ತುಂಬಿಸಿ ನಿಂತಿದಾಳೆ. ಬೆಲೆ ಇಳಿಸಿದಾಳೆ, ಮೇಲೆ ಒಂದು ನಿಂಬೆಹಣ್ಣು ಪುಕ್ಕಟೆ!

ಹೇಗೆ? ಶೆಡ್ಡಿನವರಿಗೆ ಆಗಲೇ ಗೊತ್ತಾಗಿದೆ, ನಗ್ತಿದೀರಿ. ಹೊರಗಿನವರಿಗೆ ಹೇಳ್ತೀನಿ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಗೆ ಬಾಯಿಟ್ಟು ಕೂಗಿದ್ರೂ ಕೇಳಿಸಲ್ಲ. ಅಲ್ಲಿ ಮಾತೆಲ್ಲ ಕೈಯಲ್ಲಿ, ಹುಬ್ಬಲ್ಲಿ, ತುಟಿಯಲ್ಲಿ. ನೂಲು ಹರಿದ್ರೆ ಎರಡು ಬೆರಳು ಹೀಗೆ ಬಿಡಿಸಬೇಕು. ಮೇಲ್ವಿಚಾರಕ ಬಂದ ಅಂದ್ರೆ ಮೀಸೆ ತಿರುವಬೇಕು. ಮಗಳಿಗೆ ಗಂಡು ನೋಡಿದ್ದು, ಗಂಡ ಕುಡಿದು ಬಂದಿದ್ದು, ಯಾರ ಸಂಬಳ ಯಾಕೆ ಕಡಿದರು ಅನ್ನೋದು, ಎಲ್ಲಾನೂ ನಾಲ್ಕು ಮಗ್ಗದ ಆಚೆಗೆ ಕೈಯಲ್ಲೇ ದಾಟುತ್ತೆ. ಮೂವತ್ನಾಲ್ಕು ವರ್ಷ ಅದನ್ನೇ ಆಡಿದವಳಿಗೆ ಭಾಷೆ ಬರಲ್ಲ ಅಂತ ನಾವು ಹೆದರಿಸಿದ್ವಿ! ಬುದ್ಧಿವಂತರು ನಾವು!

ನಾಲ್ಕನೇ ದಿನ ಮಧ್ಯಾಹ್ನ ನನ್ನಿಂದ ಕೂರಕ್ಕಾಗಲಿಲ್ಲ. ಬೇಡ ಅಂದ್ರೂ ನೀರಿಗಿಳಿದೆ. ಮುಳ್ಳಿನ ಚೆಂಡಿನಂಥ ಒಂದು ಸಮುದ್ರದ ಪ್ರಾಣಿ ಮೇಲೆ ಕಾಲಿಟ್ಟೆ. ಹತ್ತಿಪ್ಪತ್ತು ಮುಳ್ಳು ಅಂಗಾಲಿನ ಒಳಗೆ. ಅತ್ತುಬಿಟ್ಟೆ ನಾನು, ಸುಳ್ಳು ಯಾಕೆ. ದೊಡ್ಡಮ್ಮ ದೋಣಿಯವನನ್ನ ಕೈ ಮಾಡಿ ಕರೆದು, ನನ್ನನ್ನ ಹೆಗಲಿಗೆ ಹಾಕ್ಕೊಂಡು ಆಸ್ಪತ್ರೆಗೆ ಸೇರಿಸಿದ್ಲು. ಏನಾಯ್ತು, ಎಷ್ಟು ಹೊತ್ತಾಯ್ತು, ಇವನಿಗೆ ಸೂಜಿ ಅಂದ್ರೆ ಎಷ್ಟು ಭಯ, ನರ್ಸಿಗೆ ಎಲ್ಲ ಕೈಯಲ್ಲೇ ಹೇಳಿದ್ಲು. ನರ್ಸ್ ಹೇಳಿದ್ದನ್ನ ನನಗೂ ಹೇಳಿದ್ಲು: "ದಿನಕ್ಕೆ ಎರಡು ಮಾತ್ರೆ. ನೀರು ತಾಗಿಸಬೇಡ. ಮೂರು ದಿನ ಬಿಟ್ಟು ಬಾ. ಆಮೇಲೆ, ಇಷ್ಟು ದೊಡ್ಡ ಗಂಡಸು ಹೀಗೆ ಅಳಬಾರದು ಅಂತೆ." ಕೊನೇದು ನರ್ಸ್ ಹೇಳಿದ್ದೋ ಇವಳೇ ಸೇರಿಸಿದ್ದೋ ಗೊತ್ತಿಲ್ಲ.

ಅವಳು ಬದುಕ್ತಾಳಾ ಅಂತ ನೋಡೋಕೆ ಹೋದವನು ನಾನು. ಅವಳಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು?

ಅದಾದ ಮೇಲೆ ಕಾಲು ಮೇಲಿಟ್ಟು ಕಿಟಕೀಲಿ ಕೂತಿರೋದೇ ನನ್ನ ಕೆಲಸ. ಒಂದು ಬೆಳಿಗ್ಗೆ ನೋಡ್ತೀನಿ, ದೊಡ್ಡಮ್ಮ ಪಕ್ಕದ ಮನೆಯ ಇಬ್ಬರು ಹೆಂಗಸರ ಜೊತೆ ಕಟ್ಟೆ ಮೇಲೆ ಕೂತಿದಾಳೆ. ಆರು ಕೈ ಗಾಳೀಲಿ. ನಗ್ತಾ ಇದಾಳೆ. ಹೊಟ್ಟೆ ಹಿಡ್ಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ. ಸಭಿಕರೇ, ನಾನು ಅವಳ ಕೈತುತ್ತು ತಿಂದು ಬೆಳೆದವನು. ಆ ನಗು ನಾನು ನೋಡೇ ಇರಲಿಲ್ಲ. ಮನೇಲಿ ಅವಳು ಆಡಿದ್ದೇನು? "ಊಟಕ್ಕೆ ಬನ್ನಿ." "ದೀಪ ಆರಿಸಿ." "ನಿಂಗೆ ಇನ್ನೊಂದು ಸ್ವಲ್ಪ ಹಾಕ್ಲಾ?" ನಾವು ಯಾರೂ ಅವಳನ್ನ ಬೇರೇನೂ ಕೇಳಿರಲಿಲ್ಲ.

ವಾಪಸ್ ಬರೋ ದಾರೀಲಿ ಅವಳು ನನ್ನ ತೀರ್ಪು ಏನು ಅಂತ ಒಂದು ಸಲನೂ ಕೇಳಲಿಲ್ಲ. "ಕಾಲು ನೋಯುತ್ತಾ?" ಅಂದ್ಲು, ಅಷ್ಟೇ. ಇಲ್ಲಿಗೆ ಬಂದು ಎರಡು ವಾರ ಆಯ್ತು. ಇವತ್ತಿಗೂ ಕೇಳಿಲ್ಲ. ನಾನೂ ಬಾಯಿ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ? ಆಸೆ ಇತ್ತು, ಇನ್ನೇನು. ಮಾವಾ, ಸ್ಕೂಟರ್ ನಿಮ್ಮ ಹತ್ರಾನೇ ಇರ್ಲಿ. ಕೋಪ ಮಾಡ್ಕೋಬೇಡಿ, ಕೂತ್ಕೊಳ್ಳಿ, ಒಂದು ಮಾತು. ಜ್ವರ ಬಂದ್ರೆ ಅವಳಿಗೆ ಯಾರು ಅಂತ ಕೇಳಿದ್ರಲ್ಲ, ಹೋದ ವರ್ಷ ಅವಳಿಗೇ ಜ್ವರ ಬಂದಾಗ ಒಲೆ ಮುಂದೆ ನಿಂತಿದ್ದವಳು ಯಾರು? ಬಿಸಿ ಬಿಸಿ ತಿಂದವರಲ್ಲಿ ನಾನೂ ಒಬ್ಬ. ನಿಮ್ಮೊಬ್ಬರನ್ನೇ ಅಂತಿಲ್ಲ.

ಈಗ ತೀರ್ಪು. ದೊಡ್ಡಮ್ಮಾ, ತಲೆ ಎತ್ತು.

ಆಗುತ್ತೆ.

ಆಗುತ್ತೆ! ನಿನಗೆ ಅಲ್ಲಿ ಆಗುತ್ತೆ, ನನಗಿಂತ ಚೆನ್ನಾಗಿ ಆಗುತ್ತೆ, ನಮ್ಮ ಮನೇಲಿ ಆಗಿದ್ದಕ್ಕಿಂತ ಚೆನ್ನಾಗಿ ಆಗುತ್ತೆ!

ಇರಿ, ಇರಿ, ಚಪ್ಪಾಳೆ ಸಾಕು, ಮುಗಿಸ್ತೀನಿ. ಗುರುವಾರ ಬೆಳಿಗ್ಗೆ ಎಂಟಕ್ಕೆ ಹಡಗಿದೆ, ಅವಳು ಅದರಲ್ಲೇ ಹೋಗ್ತಾಳೆ. ಮಾವ ಈಗ ಕಣ್ಣೊರೆಸ್ಕೊಂಡು ತಲೆ ಆಡಿಸ್ತಿದಾರೆ. ಪೆಟ್ಟಿಗೆ ಹೊರೋರು ಅವರೇ, ನಾನು ಬರ್ಕೊಂಡಾಯ್ತು. ಶುಕ್ರವಾರದಿಂದ ಮನೆ ಒಲೆ ನಾನು ಹಚ್ತೀನಿ. ಇದು ನನ್ನ ಹತ್ತನೇ ಕೆಲಸ. ಅನ್ನ ಸೀದರೂ ಸರಿ, ಮುದ್ದೆಯಾದರೂ ಸರಿ, ಹೇಗೆ ಮಾಡೋದು ಅಂತ ಯಾರೂ ಅವಳಿಗೆ ಫೋನ್ ಮಾಡಿ ಕೇಳೋ ಹಾಗಿಲ್ಲ.

ಮೈಕ್ ಕೊಟ್ಟು ಕೆಟ್ಟೆವು ಅಂದ್ಕೊಂಡ ಅಧ್ಯಕ್ಷರಿಗೂ, ಕೂತು ಕೇಳಿದ ನಿಮಗೆಲ್ಲರಿಗೂ ನಮ್ಮನೆ ಪರವಾಗಿ ಧನ್ಯವಾದ. ನಮಸ್ಕಾರ.