ಆ ಪುಸ್ತಕ ಕೊಟ್ಟವರ್ಯಾರು, ಬೋತಾ?

...ಅಲ್ಲ, ಮೊದಲು ಅದನ್ನ ಹೇಳು! ಆ ಪುಸ್ತಕ ನಿನಗೆ ಕೊಟ್ಟವರ್ಯಾರು? ಲೈಬ್ರರಿ ಅಂತೆ! ಬೋತಾ, ಕಲ್ಲಿದ್ದಲು ಕಡಿದು ಮುದುಕನಾದೋನು ನಾನು, ಕತ್ತಲಲ್ಲೂ ಕಣ್ಣು ಕಾಣುತ್ತೆ ನಂಗೆ. ಹೋದ ಸಲ ರಜಕ್ಕೆ ಬಂದೋಳು ಅದನ್ನ ಸರಿಯಾಗಿ ನನ್ನ ದಿಂಬಿನ ಹತ್ರಾನೇ ಮರೆತು ಹೋಗ್ತೀಯಾ? ನಗ್ಬೇಡ! ಅಪ್ಪನಿಗೇ ಬಲೆ ಹಾಕ್ತೀಯಾ?

ಚಹಾ ಕುಡಿ. ಕರಿದ ಬಾವುರ್ಸಾಕ್ ತಣ್ಣಗಾಗಿದೆ, ಅದ್ದಿಕೊಂಡು ತಿನ್ನು.

ಓದಿದೆ ಕಣೇ... ಸುಮ್ನೆ ಹಾಳೆ ತಿರುವಿದೆ ಅಷ್ಟೆ. ದುಡಿಯೋನ ಹೆದರಿಕೆಯಿಂದಲೇ ದೊಡ್ಡೋರ ಮನೆ ಬೆಚ್ಚಗಿರೋದಂತೆ. ಏನ್ ಮಾತು! ಬರೆದೋನು ಯಾವತ್ತಾದ್ರೂ ಗಣಿಗೆ ಇಳಿದಿದಾನಾ? ಇಳಿದೋನ ಹಾಗೇ ಬರೀತಾನಲ್ಲ, ಅದೇ ನಂಗೆ ಅನುಮಾನ! ಹೆಂಡ್ತಿ ಮಕ್ಕಳು ಇರೋನು ಹೆದರದೆ ಇನ್ನೇನ್ ಮಾಡ್ತಾನೆ, ಹೇಳು.

ಯಾಕೆ ಹಾಗೆ ನೋಡ್ತೀಯ? ವಾರದ ನಡುವೆ ಕಾಲೇಜು ಬಿಟ್ಟು ಕರಗಂಡದಿಂದ ಬಸ್ ಹತ್ತಿ ಬಂದಿದೀಯ... ಯಾರೋ ಕಿವಿ ಊದಿದಾರೆ. ನನ್ನ ಪಾಳಿಯ ಎರ್ಮೆಕ್ ತಾನೆ? ಅವನ ಬಾಯಿಗೆ ಬೀಗ ಇಲ್ಲ.

ಏನೂ ಆಗಿಲ್ಲ! ಕೆಳಗೆ ಗಣೀಲಿ ಗ್ಯಾಸ್ ಅಳೆಯೋ ಪೆಟ್ಟಿಗೆ ಇದೆ. ಗ್ಯಾಸ್ ಜಾಸ್ತಿಯಾದ್ರೆ ಅದೇ ಕಲ್ಲಿದ್ದಲು ಕಡಿಯೋ ಯಂತ್ರಾನ ನಿಲ್ಲಿಸುತ್ತೆ. ಯಂತ್ರ ನಿಲ್ಲಬಾರದು ಅಂತ ಅದಕ್ಕೆ ಒದ್ದೆ ಕೋಟು ಹೊದಿಸಿದ್ರು. ನಾನು ತೆಗೆದೆ. ಮೇಸ್ತ್ರಿ ಬೊಲಾತ್, "ಹೊದಿಸೋ ಮಾರಾಯ, ಇವತ್ತಿನ ಕಲ್ಲಿದ್ದಲು ನಿಮ್ಮಪ್ಪ ತಂದುಕೊಡ್ತಾನಾ?" ಅಂದ. ತಮಾಷೆಗೆ! ನಾನೂ ನಕ್ಕೆ. ಹೊದಿಸಿದೆ. ಕೆಲಸ ಮಾಡಿದೆ...

ಇವತ್ತಾ? ಇವತ್ತು ರಜ. ಬುಧವಾರ ರಜ ಇರಬಾರದಾ?

ಬೇಕಾದ್ರೆ ಬೈಯಿ. ಹೀಗೆ ಕೈ ಹಿಡ್ಕೊಂಡು ಕೂರಬೇಡ...

ಹ್ಞೂಂ. ನಾನು ನಗಲಿಲ್ಲ. ಹೊದಿಸಲಿಲ್ಲ. ಕೋಟು ಎಸೆದು, "ಮೇಲಕ್ಕೆ ನಡೀರೋ!" ಅಂತ ಕೂಗಿದೆ. ಅಷ್ಟೂ ಜನ ಹಿಂದೆ ಬಂದ್ರು ಕಣೇ, ಒಬ್ಬನೂ ಉಳಿಯಲಿಲ್ಲ! ಮಾರನೆ ದಿನ ಗೇಟಲ್ಲಿ ಹೆಲ್ಮೆಟ್ ಕಿತ್ಕೊಂಡ್ರು. ನನ್ನೊಬ್ಬನದೇ. ಮಿಕ್ಕೋರೆಲ್ಲ ತಲೆ ತಗ್ಗಿಸಿ ಒಳಗೆ ಹೋದ್ರು... ಎರ್ಮೆಕನೂ. ತಪ್ಪೇನು? ಅವರಿಗೂ ಮನೆ ಇದೆ.

ನಿಮ್ಮಮ್ಮನಿಗೆ ಮಾತ್ರ ಹೇಳ್ಬೇಡ. ಅವಳಿಗಿನ್ನೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಪಾಳಿಗೆ ಅಂತ ಹೊರಡ್ತೀನಿ, ಅವಳು ಬೇಕರಿ ಕೆಲಸಕ್ಕೆ ಹೋದ ಮೇಲೆ ವಾಪಸ್ ಬರ್ತೀನಿ... ಬೋತಾ? ಯಾಕೆ ತಲೆ ತಗ್ಗಿಸ್ದೆ?

ಗೊತ್ತಾ ಅವಳಿಗೆ?

ಅವಳೇ ನಿನ್ನ ಕರೆಸಿದ್ದಾ?

...ಮತ್ತೆ ಇವತ್ತೂ ಬುತ್ತಿ ಕಟ್ಟಿಕೊಟ್ಟಳಲ್ಲೇ!